ಚಿಪ್ಪು ಕಳಚುವ ಗಳಿಗೆ

ಮಳೆ ಹಿಡಿದ ಮೇಲೆ ಸೊರಬದ ಕಡೆ ಗದ್ದೆಯ ಅಂಚಿನಲ್ಲಿ ನಡೆದರೆ ಒಂದಲ್ಲ ಒಂದು ಖಾಲಿ ಏಡಿಚಿಪ್ಪು ಕಣ್ಣಿಗೆ ಬೀಳುತ್ತದೆ. ಕಾಲು, ಇಕ್ಕುಳ, ಕಣ್ಣಿನ ಪೊರೆ ಎಲ್ಲವೂ ಇದ್ದಲ್ಲೇ ಇರುತ್ತವೆ, ಒಳಗೆ ಏಡಿ ಇರುವುದಿಲ್ಲ. ಸತ್ತ ಏಡಿಯೆಂದು ದಾಟಿ ಹೋಗುತ್ತೇವೆ. ಎಷ್ಟೋ ಸಲ ಅದರ ಯಜಮಾನ ಅಲ್ಲೇ ಹತ್ತಿರದ ಬಿಲದಲ್ಲಿ, ಮೊದಲಿಗಿಂತ ದೊಡ್ಡವನಾಗಿ ಕೂತಿರುತ್ತಾನೆ.

ಗಟ್ಟಿ ಕವಚದ ಜೀವಿ ನಮ್ಮ ಮಕ್ಕಳಂತೆ ದಿನದಿನಕ್ಕೂ ಇಷ್ಟಿಷ್ಟೇ ಬೆಳೆಯಲಾರದು. ಕವಚದ ಅಡಿಯಲ್ಲಿ ಹೊಸ ಮೈಹೊದಿಕೆ ಸಿದ್ಧವಾಗಬೇಕು, ಹಳೆಯದು ಹಿಂಬದಿಯಲ್ಲಿ ಬಿರಿಯಬೇಕು, ಏಡಿ ಹಿಮ್ಮುಖವಾಗಿ ಜಾರಿ ಹೊರಬರಬೇಕು. ಆಗ ಅದರ ಮೈ ಬೆಣ್ಣೆಯಷ್ಟು ಮೆತ್ತಗೆ. ನೀರು ಹೀರಿ ಉಬ್ಬಿ, ಹೊಸ ಚಿಪ್ಪು ಗಟ್ಟಿಯಾಗುವ ತನಕ ಕಪ್ಪೆಗೂ ಕೊಕ್ಕರೆಗೂ ಹೆದರಿ ಅಡಗಿರಬೇಕು. ಬೆಳೆಯುವುದೂ ಆಗಲೇ, ಸಾವು ಹತ್ತಿರವಿರುವುದೂ ಆಗಲೇ.

ಈ ಬದುಕಿನ ರೀತಿ ಬಹಳ ಹಳೆಯದು. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಡಲಲ್ಲಿ ಕಾಣಿಸಿಕೊಂಡು, 25 ಕೋಟಿ ವರ್ಷಗಳ ಹಿಂದೆ ಅಳಿದುಹೋದ ಟ್ರೈಲೊಬೈಟುಗಳೆಂಬ ಕವಚದ ಜೀವಿಗಳೂ ಹೀಗೆಯೇ ಬೆಳೆದವು. ಮರಿಗೆ ಮೊದಲು ಇದ್ದದ್ದು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಚಿಕ್ಕದಾದ, ಕೀಲಿಲ್ಲದ ಒಂದೇ ಗುರಾಣಿ. ಕೆಲವು ಸಲ ಕಳಚಿದ ಮೇಲೆ ತಲೆಗೂ ಬಾಲಕ್ಕೂ ನಡುವೆ ಕೀಲು ಮೂಡಿತು. ಮುಂದೆ ಬಾಲದ ತುದಿಯ ಹತ್ತಿರ ಹೊಸ ಖಂಡ ಹುಟ್ಟುವುದು, ಬಾಲದ ಮುಂಭಾಗದಿಂದ ಒಂದೊಂದೇ ಖಂಡ ಬಿಡಿಸಿಕೊಂಡು ಎದೆಗೆ ಸೇರುವುದು. ಎದೆಯ ಖಂಡಗಳು ಪೂರ್ತಿಯಾದ ಮೇಲೆ ಎದೆಗೆ ಹೊಸ ಖಂಡ ಸೇರದೆ, ಪ್ರತಿ ಕಳಚಿಕೆಗೂ ಗಾತ್ರ ಹೆಚ್ಚುತ್ತಾ ಹೋಯಿತು. ನಮ್ಮ ಗದ್ದೆಯ ಏಡಿಯದು ಬೇರೆಯೇ ದಾರಿ. ಅದು ಮೊಟ್ಟೆಯಿಂದಲೇ ಪುಟ್ಟ ಏಡಿಯಾಗಿ ಹೊರಬಂದು ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ.

ಕಡಲ ತಳದಲ್ಲಿ ಬಿಟ್ಟುಹೋದ ಚಿಪ್ಪುಗಳು ಕಲ್ಲಾದದ್ದರಿಂದಲೇ ಟ್ರೈಲೊಬೈಟಿನ ಬಾಲ್ಯ ನಮಗೆ ತಿಳಿಯಿತು. ಮೊದಮೊದಲು ಒಂದೇ ಪ್ರಾಣಿಯ ಬೇರೆ ಬೇರೆ ವಯಸ್ಸಿನ ಚಿಪ್ಪುಗಳಿಗೆ ಬೇರೆ ಬೇರೆ ಪ್ರಾಣಿಗಳೆಂದು ಹೆಸರಿಟ್ಟವರೂ ಇದ್ದರು. ಪ್ರಾಗ್ ನಗರದಲ್ಲಿ ನೆಲೆಸಿದ್ದ ಫ್ರೆಂಚ್ ವಿದ್ವಾಂಸ ಜೋಕಿಂ ಬರಾಂಡ್ 19ನೇ ಶತಮಾನದ ನಡುವಿನಲ್ಲಿ ಆ ಚಿಪ್ಪುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಇವೆಲ್ಲ ಒಂದೇ ಜೀವದ ಹಂತಗಳೆಂದು ತೋರಿಸಿದ. ಅಷ್ಟು ತಾಳ್ಮೆಯಿಂದ ನೋಡಿದ ಆ ಕಣ್ಣಿಗೆ ನನ್ನ ನಮಸ್ಕಾರ.

ನಮ್ಮ ದೇಶದಲ್ಲಿ ಟ್ರೈಲೊಬೈಟ್ ನೋಡಬೇಕೆಂದರೆ ಹಿಮಾಚಲದ ಸ್ಪಿತಿ ಕಣಿವೆಯಂಥ ಕಡೆಗೆ ಹೋಗಬೇಕು. ಶಿವಮೊಗ್ಗ ಸೀಮೆಯ ಕಲ್ಲುಗಳಲ್ಲಿ ಹುಡುಕಿ ಫಲವಿಲ್ಲ. ಅವು 250 ಕೋಟಿ ವರ್ಷಗಳಿಗೂ ಹಳೆಯವು, ಆಗ ಚಿಪ್ಪಿನ ಪ್ರಾಣಿಯೇ ಹುಟ್ಟಿರಲಿಲ್ಲ. ಆದರೆ ಕಳಚಿ ಬೆಳೆಯುವ ಜೀವಗಳು ನಮ್ಮ ಸೊರಬದ ಗುಡವಿ ಪಕ್ಷಿಧಾಮದ ಕೆರೆಯಲ್ಲಿ ಇವತ್ತೂ ತುಂಬಿವೆ. ಏಡಿ, ಸೀಗಡಿ, ನೀರಿನಲ್ಲಿ ಬಾಲ್ಯ ಕಳೆಯುವ ಏರೋಪ್ಲೇನ್ ಚಿಟ್ಟೆ. ಜೊಂಡಿನ ಕಡ್ಡಿಯನ್ನು ಹತ್ತಿರದಿಂದ ನೋಡಿ: ಬೆನ್ನು ಸೀಳಿದ, ಕಂದುಬಣ್ಣದ ಒಣ ಪೊರೆಯೊಂದು ಆರು ಕಾಲುಗಳಿಂದ ಕಡ್ಡಿಯನ್ನು ಹಿಡಿದೇ ಇರುತ್ತದೆ. ಆ ಸೀಳಿನಿಂದಲೇ ಚಿಟ್ಟೆ ಹಾರಿಹೋದದ್ದು. ಮಳೆಗಾಲದಲ್ಲಿ ಗೂಡು ಕಟ್ಟುವ ಬಿಳಿ ಐಬಿಸ್, ಬೆಳ್ಳಕ್ಕಿಗಳ ಮರಿಗಳು ಇಂಥ ಕಿರುಜೀವಿಗಳನ್ನೂ ತಿಂದೇ ಬೆಳೆಯುತ್ತವೆ.

ನನಗೆ ಚಿಂತೆ ಇಲ್ಲೇ. ಭತ್ತದ ಕಂದು ಜಿಗಿಹುಳುವಿಗೆ ಹೊಡೆಯುವ ಬುಪ್ರೊಫೆಜಿನ್ ಎಂಬ ಕೀಟನಾಶಕ ಹುಳುವಿನ ಹೊಸ ಮೈಹೊದಿಕೆ ರೂಪುಗೊಳ್ಳದಂತೆ ತಡೆದು, ಪೊರೆ ಕಳಚುವ ಗಳಿಗೆಯಲ್ಲೇ ಮರಿಹುಳುವನ್ನು ಕೊಲ್ಲುತ್ತದೆ. ಇದೇ ಬಗೆಯಲ್ಲಿ ಕೆಲಸ ಮಾಡುವ ಡೈಫ್ಲುಬೆಂಜುರಾನ್ ಸೀಗಡಿ, ಏಡಿಗಳಿಗೂ ವಿಷವೆಂಬುದು ಗೊತ್ತಿರುವ ಸಂಗತಿ. ಬೆಳೆ ಉಳಿಸಿಕೊಳ್ಳುವುದು ರೈತನ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆಯ ಕಡೆಗೆ ನೀರು ಹರಿಯುವ ಗದ್ದೆಗಳಲ್ಲಿ ಔಷಧಿ ಹೊಡೆದ ಮೇಲೆ ಕೆಲವು ದಿನ ಮಡೆ ಕಟ್ಟಿ ನೀರನ್ನು ಗದ್ದೆಯಲ್ಲೇ ನಿಲ್ಲಿಸಿ. ಪಂಪು, ಡಬ್ಬಿ ತೊಳೆದ ನೀರನ್ನು ಹಳ್ಳಕ್ಕಾಗಲಿ ಕೆರೆಗಾಗಲಿ ಚೆಲ್ಲಬೇಡಿ.