ಒಡೆಯನಿಲ್ಲದ ಮೀನು

ಕಡಲ ಮೀನಿಗೆ ಒಡೆಯನಿಲ್ಲ, ಹಿಡಿದವನದೇ ಹಕ್ಕು ಎನ್ನುತ್ತೇವೆ. ಹಾಗಾದರೆ ರಾತ್ರಿ ಪ್ರಖರ ದೀಪ ಉರಿಸಿ, ಬೆಳಕಿಗೆ ಮುತ್ತಿದ ಮರಿಮೀನುಗಳನ್ನೂ ಬಾಚಿದವನು ಯಾರ ಪಾಲನ್ನು ಕಸಿದ? ಸ್ವಲ್ಪ ಆಲೋಚಿಸಿ. ನಾಳೆ ಬರಿಗೈಯಲ್ಲಿ ಮರಳುವ ನಾಡದೋಣಿಯವನ ಪಾಲನ್ನು. ಇನ್ನೂ ಹುಟ್ಟದ ಮಕ್ಕಳ ಪಾಲನ್ನು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಭಾರತದ ಆರ್ಥಿಕ ವಲಯದ ಕಡಲಲ್ಲಿ ಲೈಟ್ ಫಿಶಿಂಗನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಆದರೆ ನಡುರಾತ್ರಿ, ನಡುಗಡಲಲ್ಲಿ ಕಾವಲಿರುವವನು ಯಾರು? ಪಕ್ಕದ ಬೋಟಿನ ಮೀನುಗಾರನೇ. ಅವನನ್ನು ಕೇಳದೆ ಹೇರಿದ ಕಟ್ಟಳೆ ದಡದಲ್ಲೇ ಉಳಿದೀತು. ಅವನೊಡನೆ ಸಮಾಲೋಚಿಸಿ ಮಾಡಿದ್ದು ಅವನು ಕೊಟ್ಟ ಮಾತಾಗುತ್ತದೆ.

ಕಡಲು ಅಲ್ಲಾಹನ ಅಮಾನತ್ತು. ಬೆರಳುದ್ದದ ಬೂತಾಯಿಯನ್ನು ಅಗ್ಗವೆಂದು ಕೊಳ್ಳುವ ನಾವೂ ಅದಕ್ಕೆ ಉತ್ತರ ಕೊಡಬೇಕಾದವರೇ ಅಲ್ಲವೇ?