ನಿಂತ ಕಲ್ಲು, ನಡೆವ ಮರಳು

ಬೆಟ್ಟ ಸ್ಥಾವರವೋ ಜಂಗಮವೋ? ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 12ನೇ ಶತಮಾನದ ಶರಣರು ನಿಂತ ಗುಡಿಗಿಂತ ನಡೆವ ಜೀವವನ್ನೇ ಮೇಲೆಂದು ಎಣಿಸಿದರು. ಜಂಗಮ ಪರಂಪರೆಯ ಸುತ್ತೂರು ಮಠ ಕಪಿಲೆಯ ದಂಡೆಯಲ್ಲೇ ಇದೆ. ಅದೇ ನಾಡಿನ ಜನ ಮುಡುಕುತೊರೆಯ ಬೆಟ್ಟ ಹತ್ತಿ ಮಲ್ಲಿಕಾರ್ಜುನನಿಗೆ ಕೈ ಮುಗಿಯುತ್ತಾರೆ.

ಈ ಸೀಮೆಯ ಉತ್ತರಕ್ಕಿರುವ ಚಾಮುಂಡಿಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ. ನೆಲದಾಳದಲ್ಲಿ ಕುದಿದು ಆರಿದ ಕಲ್ಲು ಅದು. ಮೇಲಿದ್ದ ಹೊದಿಕೆಯೆಲ್ಲ ಸವೆದ ಮೇಲೆ ಬೆಳಕು ಕಂಡಿತು. ಮೇಲಿನ ಭಾರ ಇಳಿದಂತೆ ಇಂಥ ಬಂಡೆ ಈರುಳ್ಳಿಯಂತೆ ಪದರ ಪದರವಾಗಿ ಸುಲಿಯುತ್ತದೆ. ಬರಿಬಂಡೆಯ ಮೇಲೆ ಮೊದಲು ಬೂದುಬಣ್ಣದ ಕಲ್ಲುಹೂವು ಹತ್ತುತ್ತದೆ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಈ ಜೀವ ಒಸರುವ ಆಮ್ಲಕ್ಕೆ ಕಲ್ಲು ಕರಗುತ್ತದೆ. ಬಿರುಕಿನಲ್ಲಿ ಹಿಡಿಯಷ್ಟು ಮಣ್ಣು ಕೂಡಿದರೆ ಹುಲ್ಲು, ಆಮೇಲೆ ಬಂದರಿಕೆ, ಕಾರೆ, ತಂಗಡಿ. ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಬಸರಿಯ ಬೇರು ಬಂಡೆಯ ಮೈಮೇಲೆ ಹರಿದು, ಕೊನೆಗೆ ಅದನ್ನೇ ಸೀಳುತ್ತದೆ. ಬೇಸಿಗೆಯಲ್ಲಿ ಸತ್ತಂತಿರುವ ಕುರುಚಲು ಭರಣಿ ಮಳೆಗೆ ಚಿಗುರುತ್ತದೆ.

ಇಂಥ ಪೊದೆಗಳನ್ನು ತಬ್ಬುವ ಬಳ್ಳಿ ಗುಲಗಂಜಿ. ಕೆಂಪು ಮೈ, ತುದಿಯಲ್ಲಿ ಕಪ್ಪು ಚುಕ್ಕೆ. ಅಕ್ಕಸಾಲಿಗರ ತೂಕದ ಬೀಜ. ನರಸೀಪುರದ ಗುಂಜಾನರಸಿಂಹನ ಕೈಯಲ್ಲಿರುವುದೂ ಅದೇ. ಪುಣ್ಯದಲ್ಲಿ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ಹೆಚ್ಚು ಎಂಬುದು ಇಲ್ಲಿನ ನಂಬಿಕೆ. ಮಹಿಮೆಯನ್ನು ಅಳೆಯಲು ಬೇಲಿಯ ಬೀಜವನ್ನೇ ಆರಿಸಿಕೊಂಡದ್ದು ದೊಡ್ಡ ಮಾತು.

ಶರಣರು ಹೇಳಿದ ಜಂಗಮ ಅರಿವುಳ್ಳದ್ದು, ಕಲ್ಲಿಗೆ ಅರಿವೆಲ್ಲಿಯದು ಎಂಬ ಆಕ್ಷೇಪ ನ್ಯಾಯವಾದದ್ದೇ. ಕಲ್ಲು ಜಂಗಮವಾಗಲಾರದು. ಆದರೆ ಅದು ಅಲುಗದೆ ನಿಂತದ್ದೂ ಅಲ್ಲ. ಸವೆಯುತ್ತಲೇ ಜೀವಕ್ಕೆ ನೆಲೆ ಕೊಡುತ್ತದೆ. ಗ್ರಾನೈಟ್‌ನ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಗಟ್ಟಿ ಕ್ವಾರ್ಟ್ಜ್ ಮರಳಾಗಿ ಹೊಳೆ ಸೇರುತ್ತದೆ. ಕಾವೇರಿ ತಂದ ಮರಳನ್ನು ಗಾಳಿ ಎತ್ತಿ ತಲಕಾಡಿನ ಮೇಲೆ ಸುರಿಯಿತು. ಚೋಳರನ್ನು ಗೆದ್ದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯೂ ಅದರಡಿ ಹೂತುಹೋಗಿ, ಅಗೆದ ಮೇಲೆ ಹೊರಬಂತು. ಗುಡಿಯ ಕಲ್ಲನ್ನು ಮುಚ್ಚಿದ್ದು ಹಿಂದೊಮ್ಮೆ ಕಲ್ಲೇ ಆಗಿದ್ದ ಮರಳು.

ಕಳೆದ ಬಾರಿ 2020ರಲ್ಲಿ ನಡೆದ ಪಂಚಲಿಂಗ ದರ್ಶನದಲ್ಲಿ ತಲಕಾಡಿನ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರರ ಜೊತೆ ಸೇರುವ ಐದನೆಯವನು ಮುಡುಕುತೊರೆಯ ಮಲ್ಲಿಕಾರ್ಜುನ. ತಲಕಾಡಿನಲ್ಲಿ ಹೆಜ್ಜೆ ಹೂತು ನಡೆದವರು ಕಾಲಿಗಂಟಿದ ಮರಳಿನೊಂದಿಗೇ ಬೆಟ್ಟ ಹತ್ತುತ್ತಾರೆ.