ಗಿಲೀಟಿನ ಸರ

ಸಂಘದ ಸಭೆಯೊಂದರಲ್ಲಿ ನಮ್ಮವನೇ ಒಬ್ಬ ಎದ್ದು ನಿಂತು, "ಹೋರಾಟಕ್ಕೆ ಬರೋ ಹೆಣ್ಮಕ್ಳು ಈ ಗಿಲೀಟಿನ ಸರ, ರೋಲ್ಡ್‌ಗೋಲ್ಡ್ ಓಲೆ ಎಲ್ಲಾ ಬಿಚ್ಚಿಟ್ಟು ಬರ್ಬೇಕು" ಅಂದ. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ಆಮೇಲೆ ಊರಿಗೆ ಹೋಗಿ ನಮ್ಮವ್ವನ ಟ್ರಂಕು ತೆಗೆದಾಗ ಆ ಚಪ್ಪಾಳೆ ಅಂಗೈಯಲ್ಲಿ ಉರಿಯತೊಡಗಿತು. ತಳದಲ್ಲಿ, ರೇಶನ್ ಕಾರ್ಡಿನ ಪಕ್ಕ, ಜಾತ್ರೆಯಲ್ಲಿ ಕೊಂಡ ಒಂದು ಸರ. ಮೇಲಿನ ಬಣ್ಣ ಹೋಗಿ ಹಿತ್ತಾಳೆ ಹಸಿರುಗಟ್ಟಿದೆ. ಇದನ್ನು ಹಾಕಿಕೊಂಡು ಅವ್ವ ಮೊದಲ ಸಲ ಊರೊಳಗಿನ ಮದುವೆಗೆ ಹೋದಾಗ, ದೊಡ್ಡಮನೆಯಾಕೆ "ಏನೇ, ನಿಂಗೂ ಸರದ ಹುಚ್ಚು ಹಿಡೀತಾ" ಅಂದಳಂತೆ. ಸರ ನಕಲಿ ಅಂತ ಆಕೆಗೆ ಗೊತ್ತಿತ್ತು. ಆದರೂ ಸಹಿಸಲಾಗಲಿಲ್ಲ.

ಹಾಗಾದರೆ ನಕಲಿ ಒಡವೆ ಯಾರ ಕೊರಳಲ್ಲಿದ್ದರೆ ಫ್ಯಾಶನ್, ಯಾರ ಕೊರಳಲ್ಲಿದ್ದರೆ ಶೋಕಿ?

1920ರ ದಶಕದಲ್ಲಿ ಪ್ಯಾರಿಸ್ಸಿನ ಕೊಕೊ ಶನೆಲ್ ಗಾಜಿನ ಮಣಿ, ಸುಳ್ಳು ಮುತ್ತುಗಳನ್ನು ಅಸಲಿಯ ಜೊತೆ ಬೆರೆಸಿ ತೊಟ್ಟಳು. ಆಕೆಯೂ ಬಡತನದಲ್ಲಿ ಹುಟ್ಟಿದವಳೇ. ಆಕೆಯ ಗಿರಾಕಿಗಳು ಮಾತ್ರ ತಿಜೋರಿಯಲ್ಲಿ ಅಸಲಿ ಇಟ್ಟವರು. ಅವರು ತೊಟ್ಟ ಮೇಲೆ ನಕಲಿಗೆ ಮರ್ಯಾದೆ ಬಂತು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನ ಬಳೆಗಳು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದಲ್ಲಿ ಅಗ್ಗಕ್ಕೆ ಬಿಕರಿಯಾದವು. ಇಂದು ಸಂಗ್ರಾಹಕರು ಅದೇ ಬಳೆಯನ್ನು ಬಿಸಿನೀರಿಗೆ ಹಿಡಿದು, ವಾಸನೆ ನೋಡಿ, ಅಸಲಿ ಬೇಕಲೈಟೇ ಹೌದೋ ಅಂತ ಪರೀಕ್ಷಿಸಿ ದುಬಾರಿ ಬೆಲೆ ಕೊಡುತ್ತಾರೆ. ನಕಲಿಯಲ್ಲೂ ಅಸಲಿ ಹುಡುಕುವ ಕಾಲ! ಹಳೆಯ ಪದಕದ ಬೆನ್ನಲ್ಲಿ ಟ್ರಿಫಾರಿಯಂಥ ಕಂಪನಿಯ ಮುದ್ರೆ ಇದೆಯೇ ಅಂತ ಭೂತಗನ್ನಡಿ ಹಿಡಿಯುತ್ತಾರೆ. ಕಂಪನಿಯ ಹೆಸರು ಸಿಗುತ್ತದೆ, ಕಲ್ಲು ಕೂರಿಸಿದ ಕೈಯ ಹೆಸರು ಸಿಗುವುದಿಲ್ಲ.

ಇನ್ನು ಋತುವಿನ ಮಾತು. ಪ್ಯಾರಿಸ್, ಮಿಲಾನ್‌ಗಳಲ್ಲಿ ಚಳಿಗಾಲದ ಫ್ಯಾಶನ್ನನ್ನು ಫೆಬ್ರವರಿ-ಮಾರ್ಚಿನಲ್ಲೇ ತೋರಿಸುತ್ತಾರೆ, ಬೇಸಿಗೆಯದನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಕಳೆದ ಋತುವಿನದು ಹಳತಾಗುತ್ತದೆ. ನಮ್ಮ ಕೇರಿಯಲ್ಲೂ ಒಡವೆಗೆ ಋತುಗಳಿವೆ. ಸುಗ್ಗಿಯಲ್ಲಿ ಕಾಲಿಗೆ ಬಂದ ಬೆಳ್ಳಿ, ಮುಂಗಾರಿನಲ್ಲಿ ಬೀಜಕ್ಕೋ ಹುಡುಗನ ಫೀಸಿಗೋ ಗಿರವಿ ಅಂಗಡಿ ಸೇರುತ್ತದೆ. ನಮ್ಮ ಡಿಗ್ರಿ ಸರ್ಟಿಫಿಕೇಟಿನ ಹಿಂದೆ ಅವ್ವನ ಕಾಲ್ಗಡಗ ಇದೆ. ಅದು ವಾಪಸ್ಸು ಬರಲಿಲ್ಲ. ಉಳಿದದ್ದು ಗಿಲೀಟು.

ಒಡವೆಯ ಮೇಲೆ ಹೋರಾಟವೇ ನಡೆದ ದೇಶ ಇದು. 1930ರಲ್ಲಿ ರಾಮನಾಡಿನ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಹೇರಿದ ಎಂಟು ಕಟ್ಟಳೆಗಳಲ್ಲಿ ಒಂದು: ಚಿನ್ನ ಬೆಳ್ಳಿ ತೊಡಕೂಡದು. ತಿರುವಾಂಕೂರಿನಲ್ಲಿ ಇನ್ನೊಂದು ಥರ. ಅಲ್ಲಿ ಪುಲಯ ಹೆಂಗಸರು ಜಾತಿಯ ಗುರುತಾಗಿ ಕಲ್ಲುಮಾಲೆ ತೊಡಲೇಬೇಕಿತ್ತು. 1915ರಲ್ಲಿ ಅಯ್ಯನ್‌ಕಾಳಿಯವರ ಕರೆಗೆ ಓಗೊಟ್ಟು ಆ ತಾಯಂದಿರು ಕೊಲ್ಲಂನ ತುಂಬಿದ ಸಭೆಯಲ್ಲಿ ಮಾಲೆಗಳನ್ನು ಕಿತ್ತು ರಾಶಿ ಹಾಕಿದರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಂಗಸರಿಗೆ, ಅಸ್ಪೃಶ್ಯರೆಂದು ದೂರದಿಂದಲೇ ತೋರಿಸಿಕೊಡುವ ಸೀರೆಯ ಕಟ್ಟು ಬಿಡಿ, ಆ ಭಾರದ ಒಡವೆಗಳನ್ನು ಬಿಡಿ ಎಂದರು. ತೊಡಬೇಕೆನಿಸಿದರೆ ಚಿನ್ನ ತೊಡಿ, ಇಲ್ಲವಾದರೆ ಏನೂ ಬೇಡ ಎಂದರು.

ಹಾಗಾದರೆ ನಮ್ಮ ಸಭೆಯ ಗೆಳೆಯ ಹೇಳಿದ್ದು ಸರಿಯೇ ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಕೊಲ್ಲಂನಲ್ಲಿ ಕಿತ್ತದ್ದು ಯಜಮಾನರು ಹೇರಿದ ಮಾಲೆ, ಕಿತ್ತ ಕೈಗಳು ಆ ಹೆಂಗಸರವೇ. ಬಾಬಾಸಾಹೇಬರು ಹೋಗಬೇಕೆಂದದ್ದು ಗುಲಾಮಿ ಗುರುತು. ನಮ್ಮವ್ವನ ಸರವನ್ನು ಯಾರೂ ಹೇರಲಿಲ್ಲ. ಬೇಡ ಅನ್ನುವವರ ಎದುರಿಗೇ ಆಕೆ ಹಾಕಿಕೊಂಡಳು. ಅದನ್ನು ಬಿಚ್ಚು ಅಂತ ಅಪ್ಪಣೆ ಕೊಡುವ ಗಂಡಸು, ಸಂಘದವನೇ ಆದರೂ, ದೊಡ್ಡಮನೆಯ ದನಿಯಲ್ಲೇ ಮಾತಾಡುತ್ತಾನೆ. ಚಪ್ಪಾಳೆ ತಟ್ಟಿದ ನಾವೂ ಅದರಲ್ಲಿ ಪಾಲುದಾರರು.

ಹಳೆಯದನ್ನು ಕೂಡಿಡುವವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಹಂಪಿಯಲ್ಲಿ, ಗೋವಾದ ಅಂಜುನಾ ಸಂತೆಯಲ್ಲಿ ಲಂಬಾಣಿ ಹೆಂಗಸರ ಹಳೆಯ ಒಡವೆಗಳನ್ನು ಮಾರುತ್ತಾರೆ. ಕೊಳ್ಳುವವರು ಬೆಳ್ಳಿ ಎಷ್ಟು, ವರ್ಷ ಎಷ್ಟು ಅಂತ ಕೇಳುತ್ತಾರೆ. ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇದನ್ನು ತೊಟ್ಟವಳು ತಾನಾಗಿ ತೆಗೆದಳೋ, ಹಸಿವು ತೆಗೆಸಿತೋ? ಒಡವೆಯ ಮಟ್ಟಿಗೆ ನೀತಿಯ ಪ್ರಶ್ನೆ ಇಷ್ಟೇ ಅಂತ ನಮಗೆ ತೋರುತ್ತದೆ. ತೊಡುವುದೂ ತೆಗೆಯುವುದೂ ಅವಳ ಕೈಯಲ್ಲಿರಬೇಕು.

ಮುಂದಿನ ಸಭೆಯಲ್ಲಿ ಈ ಮಾತನ್ನು ನಾವೇ ಎದ್ದು ಹೇಳಬೇಕು. ಹಾಸ್ಟೆಲಿನ ಹುಡುಗಿಯರು ಓಲೆ ಹಾಕಿಕೊಂಡಾದರೂ ಬರಲಿ, ಹಾಕದೆಯಾದರೂ ಬರಲಿ. ಬಂದವರಿಗೆ ಮೊದಲು ಮೈಕು ಕೊಡೋಣ.

ಆ ದಿನ ಅವ್ವನ ಸರಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಹಸಿರು ಹೋಯಿತು, ಚಿನ್ನದ ಬಣ್ಣ ಮರಳಲಿಲ್ಲ. ಅವ್ವ ನಕ್ಕಳು: "ಹೋದ್ರೆ ಹೋಗ್ಲಿ ಬಿಡು ಮಗಾ, ಮುಂದಿನ್ ಜಾತ್ರೇಲಿ ಇನ್ನೊಂದ್ ತಕ್ಕಂಡ್ರಾಯ್ತು."